ಹುಟ್ಟಿದ ಜಿಲ್ಲೆ

ಒಂಬತ್ತನೇ ನಂಬರಿನ ಮನೆಯನ್ನು ಗೋಪಾಲಪ್ಪ ಕೊನೆಗೆ ಇಟ್ಟುಕೊಂಡಿದ್ದ. ಹೊನ್ನಕುಂಟೆಯ ಎಪ್ಪತ್ತಮೂರು ಮನೆಗಳಲ್ಲಿ ಎಪ್ಪತ್ತೆರಡು ಮುಗಿದಿದ್ದವು. ಎಲ್ಲರ ಹೆಸರು, ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆ, ಆಡುವ ಮಾತು ತಲೆಗೊಂದು ಚೀಟಿಯಂತೆ ಅವನ ಕೈಬರಹದಲ್ಲಿ ಇಳಿದು, ಕಟ್ಟುಕಟ್ಟಾಗಿ ತಗಡಿನ ಪೆಟ್ಟಿಗೆಯಲ್ಲಿ ಕೂತಿದ್ದವು. ಉಳಿದದ್ದು ಅವನ ಸ್ವಂತ ಮನೆ. ಬಾಗಿಲ ಮೇಲೆ ಕೆಮ್ಮಣ್ಣಿನಿಂದ ಒಂಬತ್ತು ಎಂದು ತಾನೇ ಬರೆದು ಹದಿನೈದು ದಿನವಾಗಿತ್ತು. ಊರಿನ ಶಾಲೆಗೆ ಒಬ್ಬನೇ ಮೇಷ್ಟ್ರಾದ್ದರಿಂದ ನಲವತ್ತೊಂದನೇ ಇಸವಿಯ ಖಾನೇಷುಮಾರಿ, ಎಂದರೆ ಜನಗಣತಿ, ಅವನ ತಲೆಗೆ ಬಂದಿತ್ತು. ಬಿಟ್ಟಿ ಕೆಲಸ, ಆದರೂ ಈ ಹದಿನೈದು ದಿನ ಅವನನ್ನು ಕಂಡವರು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿ ಎದ್ದು ನಿಂತಿದ್ದರು, ಅದು ಅವನಿಗೆ ಹಿತವಾಗಿತ್ತು. ಈವತ್ತು ಸಂಜೆ ಶೇಕ್ದಾರರು ರಾಜಘಟ್ಟದ ಚಾವಡಿಗೆ ಬಂದು ಹೋಬಳಿಯ ಚೀಟಿಗಳನ್ನೆಲ್ಲ ದೊಡ್ಡಬಳ್ಳಾಪುರಕ್ಕೆ ಒಯ್ಯುವವರಿದ್ದರು. ಬೆಳಿಗ್ಗೆಯಿಂದ ಅವನು ಜಗಲಿಯ ಮೇಲೆ ಕೂತು ಮಸಿಕುಡಿಕೆಯ ಮುಚ್ಚಳ ತೆಗೆಯುವುದು, ಮುಚ್ಚುವುದು ಮಾಡುತ್ತಿದ್ದ. ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಸದ್ದು. ಕುಟ್ಟುತ್ತಿದ್ದವಳು ಅವನ ಅಣ್ಣನ ಹೆಂಡತಿ. ಆ ಸದ್ದು ನಿಂತಾಗಲೆಲ್ಲ ಅವಳು ತನ್ನ ಕಡೆ ನೋಡುತ್ತಿದ್ದಾಳೆ ಎಂದು ಅವನಿಗೆ ತಲೆಯೆತ್ತದೆಯೇ ಗೊತ್ತಾಗುತ್ತಿತ್ತು.

ಅವ್ವ ಅಮ್ಮಯಮ್ಮ ಒಳಗಿನಿಂದ ಬಂದು ಹೊಸಿಲ ಮೇಲೆ ಕೂತಳು. ಅವಳು ದನಿ ತಗ್ಗಿಸಿ ಮಾತಾಡಿದರೆ ಅದು ಆಜ್ಞೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಅವಳನ್ನ ಏನಂತ ಬರೀತೀಯೋ?"

"ಏನಂತ ಬರೀಲಿ ಮತ್ತೆ? ಇದ್ದಂಗೆ ಬರೀಬೇಕು."

"ಊರಿಗೆ ಏನು ಹೇಳಿದ್ದೀವೋ ಅದೇ ಇರೋದು. ಹೊಸಕೋಟೆ ಕಡೇಳು, ನಮ್ಮೋರು, ಕನ್ನಡದೋಳು. ಹಂಗೇ ಬರಿ. ನೀನು ಬೇರೆ ಏನಾರ ಬರ್ದು, ಅದು ಚಾವಡೀಲಿ ನಾಲ್ಕು ಜನದ ಮುಂದೆ ಓದಿಸ್ಕೊಂಡ್ರೆ, ಲಕ್ಕಮ್ಮನ್ನ ದೇವನಹಳ್ಳಿ ಬೀಗರು ಮಾರನೇ ದಿನಾನೇ ಗಾಡಿ ಹತ್ತಿಸಿ ಕಳಿಸ್ತಾರೆ. ತಂಗಿ ಬಾಳು ನಿನ್ನ ಕೈಯಾಗೈತೆ, ನೋಡ್ಕೋ."

ತಂಗಿಯ ಬಗ್ಗೆ ಅವ್ವ ಹೆದರಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಣ್ಣ ಮುನಿಶಾಮಪ್ಪ ಇಪ್ಪತ್ತರ ವಯಸ್ಸಿನಲ್ಲಿ, ದೊಡ್ಡಬಳ್ಳಾಪುರದ ಪೇಟೆಗೆ ರೇಷ್ಮೆ ಸೀರೆ ಕೊಳ್ಳಲು ಬಂದಿದ್ದ ಮದ್ರಾಸಿನ ವ್ಯಾಪಾರಿಯೊಬ್ಬನ ಹಿಂದೆ ಹೋಗಿ ಹಡಗು ಹತ್ತಿದವನು. ಹನ್ನೊಂದು ವರ್ಷ ರಂಗೂನಿನ ಅಂಗಡಿಯಲ್ಲಿ ಸೀರೆ ಮಡಿಸಿದ. ಅಲ್ಲಿ ಗಲಭೆಯೆದ್ದು ನಮ್ಮ ಕಡೆಯವರನ್ನು ಹೊಡೆಯತೊಡಗಿದ ವರ್ಷ, ಮೂವತ್ತೆಂಟರಲ್ಲಿ, ಒಂದು ಬೆಳಿಗ್ಗೆ ದೊಡ್ಡಬಳ್ಳಾಪುರದ ರೈಲು ನಿಲ್ದಾಣದಲ್ಲಿ ಇಳಿದ. ಜೊತೆಯಲ್ಲಿ ಒಬ್ಬ ಹೆಂಗಸು, ಅವಳ ಸೊಂಟದಲ್ಲಿ ನಾಲ್ಕು ವರ್ಷದ ಹೆಣ್ಣು ಕೂಸು. ಗೋಪಾಲಪ್ಪ ಗಾಡಿ ಕಟ್ಟಿಕೊಂಡು ಕರೆತರಲು ಹೋಗಿದ್ದ. ಆ ಹೆಂಗಸಿನ ಚಪ್ಪಟೆ ಮೂಗು, ಕಿರಿದಾದ ಕಣ್ಣು, ಹುಬ್ಬಿನಿಂದ ಗಲ್ಲದವರೆಗೆ ನುಣ್ಣಗೆ ಇಳಿದ ಹಳದಿ ಮುಖ ನೋಡಿ ಅವನಿಗೆ ಮೊದಲು ತೋಚಿದ್ದು, ಸಂತೆಯ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಗಾಡಿ ಹೊಡೆಯಬೇಕು ಎಂದು. ಹಾಗೇ ಹೊಡೆದ. ಅಣ್ಣ ಅದನ್ನು ಗಮನಿಸಿದ. ಅವಳ ಹೆಸರು ಮಾ ತಿನ್ ಎಂದಾಗ ಅವ್ವ, "ತಿನ್ನೋದು ಅಂತ ಯಾರಾನ ಮಕ್ಕಳಿಗೆ ಹೆಸರಿಡ್ತಾರಾ" ಎಂದು ಅಲ್ಲೇ, ಕಾಲಿಗೆ ನೀರು ಕೊಡುವ ಮೊದಲೇ, ಲಕ್ಷ್ಮೀದೇವಮ್ಮ ಎಂದು ಕರೆದುಬಿಟ್ಟಳು. ಕೂಸಿಗೆ ಊರ ದೇವತೆಯ ಹೆಸರು, ಸಪ್ಪಲಮ್ಮ. ಮಾರನೆಯ ದಿನ ಪಟೇಲ ದೊಡ್ಡಮುನಿಯಪ್ಪ ವಿಚಾರಿಸಲು ಬಂದಾಗ ಅವ್ವನ ಬಳಿ ಕತೆ ಸಿದ್ಧವಾಗಿತ್ತು: ಹುಡುಗಿ ನಮ್ಮೋರೇ, ಹೊಸಕೋಟೆಯಲ್ಲಿ ಹುಟ್ಟಿದೋಳು, ಕೈಗೂಸಿದ್ದಾಗ ಅಪ್ಪ ಅವ್ವ ರಂಗೂನಿಗೆ ಹೋಗಿ ನೆಲೆಸಿದ್ರು, ಮಾತು ಮರ್ತೋಗಿದೆ. ಮುಖ ಹಂಗ್ಯಾಕಿದೆ ಎಂದು ಪಟೇಲ ಕೇಳಿದ. "ನೀರು ಬದಲಾದ್ರೆ ಮುಖಾನೂ ಬದಲಾಗ್ತದೆ ಕಣಪ್ಪ" ಅಂದಳು ಅವ್ವ. ಪಟೇಲ ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದ. ನಂಬಿದನೋ, ಮುಂದೊಂದು ದಿನಕ್ಕಿರಲಿ ಎಂದು ಎತ್ತಿಟ್ಟುಕೊಂಡನೋ ಗೊತ್ತಾಗಲಿಲ್ಲ. ಎಂಟು ತಿಂಗಳಿಗೆ ಅಣ್ಣ ಪ್ಲೇಗಿನಲ್ಲಿ ಸತ್ತ. ಅವಳು ಮನೆಯಲ್ಲಿ ಉಳಿದಳು, ಯಾಕೆಂದರೆ ಹೋಗುವುದಕ್ಕೆ ದಾರಿ ಗೊತ್ತಿರಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಮೇಷ್ಟ್ರುಗಳನ್ನೆಲ್ಲ ನೆಲದ ಮೇಲೆ ಕೂರಿಸಿ ಶೇಕ್ದಾರರು ಚೀಟಿ ತುಂಬುವ ಕ್ರಮ ಹೇಳಿಕೊಟ್ಟಿದ್ದರು. ಈ ಜಿಲ್ಲೆಯಲ್ಲಿ ಹುಟ್ಟಿದವರೇ, ಅಲ್ಲದಿದ್ದರೆ ಎಲ್ಲಿ, ಎಂಬ ಪ್ರಶ್ನೆ ಬಂದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಇದು ಮುಖ್ಯ. ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಎಷ್ಟು ಜನ ಬಂದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಯೋದು ಇದೊಂದರಿಂದಲೇ. ಬರ್ಮಾ ಈಗ ಇಂಡಿಯಾಕ್ಕೆ ಸೇರಿಲ್ಲ, ನಾಲ್ಕು ವರ್ಷದಿಂದ ಹೊರದೇಶ. ಅಲ್ಲಿ ಹುಟ್ಟಿದವರು ಯಾರಾದರೂ ಸಿಕ್ಕರೆ ಹಾಗಂತಲೇ ಬರೆದು ನನಗೆ ಬೇರೆ ತಿಳಿಸಬೇಕು, ನಾನೇ ಬಂದು ನೋಡ್ತೀನಿ." ಗೋಪಾಲಪ್ಪ ಎದ್ದು ನಿಂತು, ಇಲ್ಲಿಂದ ಬಿಟ್ಟು ಹೋದವರನ್ನು ಹೇಗೆ ಬರೆಯಬೇಕು ಎಂದು ಕೇಳಿದ್ದ. ಯಾಕೆ ಕೇಳಿದನೋ ಅವನಿಗೇ ತಿಳಿಯದು. ಸತ್ತ ಅಣ್ಣ ಹನ್ನೊಂದು ವರ್ಷ ಯಾವ ಪುಸ್ತಕದಲ್ಲಿದ್ದ ಎಂಬ ಯೋಚನೆ ಆ ಗಳಿಗೆಯಲ್ಲಿ ಹೊಳೆದಿತ್ತು. ಶೇಕ್ದಾರರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಲ್ಲದವರನ್ನು ಹೇಗ್ರೀ ಎಣಿಸ್ತೀರಿ? ನೀವು ಬಂದವರನ್ನ ಎಣಿಸಿ. ಹೋದವರನ್ನ ಅಲ್ಲಿಯವರು ಎಣಿಸ್ಕೋತಾರೆ. ಎಲ್ಲಾ ದೇಶದವರೂ ಸರಿಯಾಗಿ ಬರೆದರೆ ಯಾರು ಎಲ್ಲಿಂದ ಎಲ್ಲಿಗೆ ಹೋದರು ಅಂತ ತಾನಾಗಿ ಲೆಕ್ಕ ಸಿಗುತ್ತೆ. ಇಂಥದ್ದು ಕೇಳೋಕೆ ಮುಂಚೆ ಪುಸ್ತಕ ಒಂದ್ಸಲ ಓದ್ಕೊಂಡು ಬನ್ನಿ." ಪಟ್ಟಣದ ಶಾಲೆಯ ಮೇಷ್ಟ್ರುಗಳು ನಕ್ಕಿದ್ದರು. ಕೂತ ಮೇಲೂ ಅವನ ಕಿವಿ ಬಿಸಿಯಾಗಿತ್ತು. ಈಗ, ಜಗಲಿಯ ಮೇಲೆ, ಆ ನಗು ನೆನಪಾಗಿ ಮತ್ತೆ ಕಿವಿ ಬಿಸಿಯಾಯಿತು. ತನ್ನ ಮನೆಯಲ್ಲೇ ಹೊರದೇಶದವಳಿದ್ದಾಳೆಂದು ಅದೇ ಮನುಷ್ಯನ ಮುಂದೆ ನಿಂತು ಹೇಳುವುದು, ಅವನು ಕನ್ನಡಕ ತೆಗೆದು ನೋಡುವುದು.

ಇದೆಲ್ಲ ಸರಿ. ಹೆದರಿಕೆಗೆ ಕಾರಣಗಳಿದ್ದವು. ಆದರೆ ಹೆದರಿಕೆಯಷ್ಟೇ ಇದ್ದಿದ್ದರೆ ಅವನು ಅವಳ ಮುಖ ನೋಡಿ, ನಿಮ್ಮೂರು ಬರೆಯೋಕೆ ಆಗೋದಿಲ್ಲ ಅತ್ತಿಗೆ, ಎಂದು ಹೇಳಿಬಿಡಬಹುದಿತ್ತು. ಅವಳು ಮೂರು ವರ್ಷದಿಂದ ಆಗೋದಿಲ್ಲ ಎಂಬ ಮಾತನ್ನೇ ಕೇಳಿಕೊಂಡು ಬಂದವಳು, ಅದನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೇಳಲಿಲ್ಲ. ಆರು ದಿನದ ಹಿಂದೆ ಪಕ್ಕದ ಪಿಳ್ಳಣ್ಣನ ಮನೆಯ ಚೀಟಿ ಬರೆಯುವಾಗ ಅವಳು ಗೋಡೆಯ ಈಚೆ ನಿಂತು ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಮುದ್ದೆ ಬಡಿಸುತ್ತ ನಿಂತವಳು ಕೇಳಿದಳು.

"ಮೇಷ್ಟ್ರೇ, ನನ್ನನ್ನೂ ಕೇಳ್ತೀರಾ? ಎಲ್ಲಿ ಹುಟ್ಟಿದ್ದು ಅಂತ?"

"ಎಲ್ಲರನ್ನೂ ಕೇಳಬೇಕು. ಸರ್ಕಾರದ ಕೆಲಸ."

"ನಾನು ಹೇಳಬೋದಾ?"

"ನಿಜಾನೇ ಹೇಳಬೇಕು. ಸುಳ್ಳು ಹೇಳಿದ್ರೆ ದಂಡ ಹಾಕ್ತಾರೆ."

ತಾನು ಎಷ್ಟು ಗಟ್ಟಿ ಮನುಷ್ಯನೆಂದು ಕೇಳಿಸಲೆಂದೇ ಆ ಮಾತು ಆಡಿದ್ದ. ಅವಳು ಅವನು ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು. ಅಂದಿನಿಂದ ಅವಳ ನಡಿಗೆ ಬೇರೆಯಾಯಿತು. ನೀರು ಸೇದುವಾಗ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಗೋಪಾಲಪ್ಪನ ಹೆಂಡತಿ ಮುನಿತಾಯಮ್ಮ ಇದನ್ನು ನೋಡಿ, "ನಿಮ್ಮತ್ತಿಗೆಗೆ ಏನೋ ಆಗಿದೆ, ನೋಡಿ" ಅಂದಿದ್ದಳು. ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಸ ಹೊಡೆದಾಯ್ತಾ, ರಾಗಿ ಬೀಸಿದೆಯಾ, ಇಷ್ಟೇ. ಇಪ್ಪತ್ತೆರಡು ಪ್ರಶ್ನೆ ಇಟ್ಟುಕೊಂಡು, ಅವಳ ಎದುರಿಗೆ ಕೂತು, ಅವಳ ಉತ್ತರಕ್ಕಾಗಿ ಲೇಖನಿ ಅದ್ದಿಕೊಂಡು ಕಾಯುವವನು ತಾನು ಎಂಬುದು ಗೋಪಾಲಪ್ಪನಿಗೆ ಆರು ದಿನವೂ ಒಂದು ಬಗೆಯ ಸಿಹಿಯಾಗಿ ನಾಲಿಗೆಯ ಮೇಲಿತ್ತು. ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಮೊದಲು ಅವ್ವನ ಚೀಟಿ, ಆಮೇಲೆ ಹೆಂಡತಿಯದು, ತನ್ನದು. ಬಿಸಿಲು ಜಗಲಿಯ ಅಂಚಿಗೆ ಬಂದಾಗ ಲಕ್ಷ್ಮೀದೇವಮ್ಮನನ್ನು ಕರೆದ. ಅವಳು ಹುಣಸೆಯ ಕೈ ತೊಳೆದು, ಒಗೆದ ಸೀರೆ ಉಟ್ಟು, ತಲೆ ಬಾಚಿ ಬಂದಳು. ಮಗಳನ್ನೂ ಕೈಹಿಡಿದು ಕರೆತಂದು ಕಂಬದ ಬಳಿ ಕೂರಿಸಿಕೊಂಡಳು. ಅವ್ವ ಹೊಸಿಲಿನಿಂದ ಏಳಲಿಲ್ಲ. ಹೆಸರು ಕೇಳಿದ. ಅವಳು ಅವ್ವನ ಕಡೆ ನೋಡಿ, ಲಕ್ಷ್ಮೀದೇವಮ್ಮ, ಅಂದಳು. ಜಾತಿ, ಮತ, ಅವನೇ ಹೇಳಿಕೊಂಡು ಬರೆದ. ವಿಧವೆ. ವಯಸ್ಸು ಮೂವತ್ತು. ಎಷ್ಟು ಮಕ್ಕಳು ಹುಟ್ಟಿದರು ಎಂದು ಕೇಳಿದಾಗ ಒಂದು ಎಂದು ತಾನೇ ಬರೆಯಲು ಹೊರಟಿದ್ದ. ಅವಳು ಮೂರು ಬೆರಳು ತೋರಿಸಿದಳು.

"ಮೂರಾ?"

"ಎರಡು ಗಂಡು. ಅಲ್ಲೇ ಹೋದ್ವು. ಒಂದು ಹನ್ನೆರಡು ದಿನಕ್ಕೆ, ಒಂದು ಎರಡು ವರ್ಷಕ್ಕೆ. ನಿಮ್ಮಣ್ಣ ಹೇಳಲಿಲ್ವಾ?"

ಅಣ್ಣ ಹೇಳಿರಲಿಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಎರಡು ಗಂಡು ಮೊಮ್ಮಕ್ಕಳ ಸುದ್ದಿ ಅವಳಿಗೆ ಸರ್ಕಾರದ ಚೀಟಿಯಿಂದ ತಿಳಿಯಬೇಕಾಯಿತು. ಗೋಪಾಲಪ್ಪ ಬರೆದ: ಹುಟ್ಟಿದ್ದು ಮೂರು, ಬದುಕಿರುವುದು ಒಂದು, ಮೊದಲ ಹೆರಿಗೆ ಹದಿನೇಳನೇ ವಯಸ್ಸಿಗೆ. ಇವೆಲ್ಲ ನಿಜವನ್ನೇ ಬರೆದ. ನಿಜ ಬರೆಯುತ್ತ ಹೋಗುವಾಗ ಕೈಗೆ ಒಂದು ಓಟ ಬಂದಿತ್ತು, ಮುಂದಿನ ಪ್ರಶ್ನೆಯಲ್ಲೂ ಆ ಓಟ ನಿಲ್ಲಲಿಲ್ಲ. ಎಲ್ಲಿ ಹುಟ್ಟಿದ್ದು ಎಂದು ಕೇಳಿದ. ಅವಳು ಹೇಳತೊಡಗಿದಳು. ಬಸ್ಸೀನ್ ಎಂಬ ಪಟ್ಟಣದಿಂದ ದೋಣಿಯಲ್ಲಿ ಅರ್ಧ ದಿನ. ಊರಿನ ಹೆಸರು ಹೇಳಿದಳು, ಅವನಿಗೆ ಹಿಡಿಯಲಾಗಲಿಲ್ಲ. ಮನೆಗಳೆಲ್ಲ ಕಂಬದ ಮೇಲೆ, ಕೆಳಗೆ ನೀರು, ಮಳೆಗಾಲದಲ್ಲಿ ಅಡುಗೆಮನೆಯ ಹಲಗೆ ಸಂದಿನಿಂದಲೇ ಮೀನು ಹಿಡಿಯಬಹುದು. ಅಮ್ಮ ದಡದಲ್ಲಿ ಬೆಂಕಿ ಹಾಕಿಕೊಂಡು ಅಕ್ಕಿಹಿಟ್ಟಿನ ದೋಸೆಯಂಥದ್ದು ಸುಟ್ಟು ಮಾರುತ್ತಾಳೆ. ಈಗಲೂ ಮಾರುತ್ತಿರಬಹುದು. ಅವಳು ಹೀಗೆ ಹೇಳುತ್ತಿದ್ದಾಗ ಲೇಖನಿ ಚೀಟಿಯ ಮೇಲೆ ಬೆಂಗಳೂರು ಜಿಲ್ಲೆ ಎಂದು ಬರೆದು ಮುಗಿಸಿತ್ತು. ಯಾವ ಮಾತು ಎಂದು ಕೇಳಿದ. "ಬರ್ಮಾ ಮಾತು" ಅಂದಳು. ಅವನು ಕನ್ನಡ ಎಂದು ಬರೆದ. ಓದು ಬರಹ ಬರುತ್ತದೆಯೇ. ಬರುವುದಿಲ್ಲ, ಅವಳೂರಿನಲ್ಲಿ ಮಠಕ್ಕೆ ಹೋಗಿ ಅಕ್ಷರ ಕಲಿತದ್ದು ತಮ್ಮಂದಿರು ಮಾತ್ರ.

"ಓದಿ ಹೇಳ್ತೀರಾ?" ಅಂದಳು.

ಅವ್ವನ ಕಣ್ಣು ಅವನ ಮೇಲಿತ್ತು. ಅವನು ಚೀಟಿ ಎತ್ತಿ ಹಿಡಿದು, ಶಾಲೆಯಲ್ಲಿ ಓದುವ ದನಿಯಲ್ಲಿ ಓದಿದ: "ಹುಟ್ಟಿದ ಸ್ಥಳ, ಬರ್ಮಾ ದೇಶ, ಬಸ್ಸೀನ್ ಜಿಲ್ಲೆ. ಮಾತೃಭಾಷೆ, ಬರ್ಮಾ." ಅವ್ವ ಬೆಚ್ಚಿ ಅರ್ಧ ಎದ್ದಳು, ಮಗನ ಮುಖ ನೋಡಿ, ಅಲ್ಲಿ ಕಂಡದ್ದೇನೋ ಅರ್ಥವಾಗಿ, ಮತ್ತೆ ಕೂತಳು. ಅವಳ ತುಟಿಯ ಮೂಲೆಯಲ್ಲಿ ಸಣ್ಣ ಮೆಚ್ಚುಗೆ ಹಾದುಹೋಯಿತು. ಲಕ್ಷ್ಮೀದೇವಮ್ಮ ಹತ್ತಿರ ಸರಿದು ಚೀಟಿಯ ಮೇಲೆ ಬಾಗಿದಳು. ಮಸಿ ಇನ್ನೂ ಹಸಿಯಾಗಿತ್ತು. ಅವಳು ಮುಟ್ಟದೆ ಬೆರಳನ್ನು ಗಾಳಿಯಲ್ಲೇ ಸಾಲಿನ ಮೇಲೆ ಹಾಯಿಸಿದಳು.

"ನಮ್ಮೂರು ಇದರಲ್ಲಿ ಎಲ್ಲಿದೆ?"

ಅವನು ಬೆಂಗಳೂರು ಎಂಬ ಅಕ್ಷರಗಳನ್ನು ತೋರಿಸಿದ.

"ದುಂಡಗೆ ಬರೆದಿದ್ದೀರಾ. ನಮ್ಮ ಅಕ್ಷರಾನೂ ಹೀಗೇ ದುಂಡಗೆ. ತಮ್ಮ ಬರೆಯೋದು ನೋಡ್ತಾ ಇದ್ದೆ." ಅವಳು ಬಾಗಿ, ಅವನು ಕಾಲು ಹಿಂದಕ್ಕೆಳೆದುಕೊಳ್ಳುವ ಮೊದಲೇ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಿರಿಯ ಮೈದುನನ ಕಾಲು ಹಿರಿಯ ಅತ್ತಿಗೆ ಮುಟ್ಟಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹುಡುಗಿಯ ಚೀಟಿ ಉಳಿದಿತ್ತು. ಸಪ್ಪಲಮ್ಮ ಏಳು ವರ್ಷದವಳು, ಅವನ ಶಾಲೆಯಲ್ಲೇ ಒಂದನೇ ಕ್ಲಾಸು. ಎಲ್ಲಿ ಹುಟ್ಟಿದ್ದು ಎಂದು ಕೇಳಿದ ಕೂಡಲೇ, "ಹೊಸಕೋಟೇಲಿ" ಅಂದಳು. ಅವಳ ತಾಯಿ ತನ್ನ ಮಾತಿನಲ್ಲಿ ಮೆಲ್ಲಗೆ ಏನೋ ಹೇಳಿ ಅವಳ ತಲೆ ನೇವರಿಸಿದಳು. ಹುಡುಗಿ ಆ ಕೈಯನ್ನು ಕೊಡವಿದಳು. "ನಾನು ಹೊಸಕೋಟೇಲೇ ಹುಟ್ಟಿದ್ದು. ಆ ಮಾತು ಆಡಬೇಡ ಅಂತ ಹೇಳಿಲ್ವಾ, ನಂಗೆ ಅದು ಬರಲ್ಲ." ಶಾಲೆಯಲ್ಲಿ ಮಕ್ಕಳು ಅವಳನ್ನು ಏನೆಂದು ಕರೆಯುತ್ತಾರೆಂಬುದು ಗೋಪಾಲಪ್ಪನಿಗೆ ಗೊತ್ತಿತ್ತು; ಒಂದು ಸಲವೂ ಅವರನ್ನು ಗದರಿರಲಿಲ್ಲ. ತಾಯಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅವನು ಬೆಂಗಳೂರು ಜಿಲ್ಲೆ ಎಂದು ಬರೆದ. ಇದು ಮಗುವೇ ಹೇಳಿದ್ದು, ಇದಕ್ಕೆ ತಾನು ಹೊಣೆಯಲ್ಲ ಎಂದುಕೊಂಡ.

ಸಂಜೆ ರಾಜಘಟ್ಟದ ಚಾವಡಿಯಲ್ಲಿ ಶೇಕ್ದಾರರು ಅವನ ಕಟ್ಟುಗಳನ್ನು ಬಿಚ್ಚಿ ನೋಡಿ, ಇಡೀ ಹೋಬಳಿಗೆ ಇಷ್ಟು ಸ್ವಚ್ಛವಾದ ಬರಹ ಯಾರದ್ದೂ ಇಲ್ಲ ಎಂದರು. ಹೊರದೇಶದವರು ಯಾರಾದರೂ, ಎಂದು ಕೇಳಿದರು. ಯಾರೂ ಇಲ್ಲ ಸ್ವಾಮಿ, ಅಂದ. ಗೋಷ್ವಾರೆಯ ಹಾಳೆಯಲ್ಲಿ, ಊರಿನ ಒಟ್ಟು ಲೆಕ್ಕ ಬರೆಯುವಲ್ಲಿ, ಆ ಕಾಲಮಿನ ಕೆಳಗೆ ಅವನೇ ಸೊನ್ನೆ ಸುತ್ತಿದ. ಊರಿಗೆ ಹಿಂದಿರುಗುವಾಗ ಮನಸ್ಸು ಹಗುರವಾಗಿತ್ತು. ಯಾರಿಗೂ ನಷ್ಟವಿಲ್ಲ. ತಂಗಿಯ ಬಾಳು ಉಳಿಯಿತು, ಅತ್ತಿಗೆಗೆ ಸಂತೋಷವಾಯಿತು, ಸರ್ಕಾರಕ್ಕೆ ಇಬ್ಬರು ಹೆಂಗಸರು ಹೆಚ್ಚು ಕಡಿಮೆಯಾದರೆ ಏನು.

ಆ ವರ್ಷವೆಲ್ಲ ಅವಳು ಅವನ ಪಂಚೆಗೆ ನೀಲಿ ಹಾಕಿ ಒಗೆದಳು. ಕೆನೆಮೊಸರು ಅವನ ತಟ್ಟೆಗೆ ಬಂತು. ನೀರು ಸೇದುವ ಕಡೆ ಬೈರಣ್ಣನ ಹೆಂಡತಿ ಮಾರಕ್ಕನಿಗೆ ಅವಳು, ನಮ್ಮೂರನ್ನ ಸರ್ಕಾರದ ಪುಸ್ತಕದಲ್ಲಿ ಬರೆದಿದ್ದಾರೆ, ನಮ್ಮ ಮೇಷ್ಟ್ರೇ ಬರೆದಿದ್ದು, ಎಂದು ಹೇಳಿದ್ದು ಅವ್ವನ ಕಿವಿಗೆ ಬಿತ್ತು. ಅವ್ವ ಅಂದು ಅವಳಿಗೆ ಸೌದೆಯಲ್ಲಿ ಹೊಡೆದಳು. ಗೋಪಾಲಪ್ಪ ಒಳಮನೆಯಲ್ಲಿ ಕೂತು ಮಕ್ಕಳ ಸ್ಲೇಟು ತಿದ್ದುತ್ತಿದ್ದ. ಹೊಡೆತದ ಸದ್ದು ಎಣಿಸಬಾರದೆಂದುಕೊಂಡೂ ಎಣಿಸಿದ, ಐದು. ಅವಳು ಅಳುವಾಗ ಯಾವ ಮಾತಿನಲ್ಲಿ ಅಳುತ್ತಾಳೆಂದು ಗೊತ್ತಾಗಲಿಲ್ಲ. ಮಾರನೆಯ ದಿನವೂ ಪಂಚೆ ನೀಲಿಯಾಗಿ ಒಣಗಿತ್ತು.

ನಲವತ್ತೆರಡರ ಬೇಸಿಗೆಗೆ ಯುದ್ಧ ರಂಗೂನಿಗೆ ಬಂದಿತ್ತು. ಜಪಾನಿನವರು ಬಾಂಬು ಹಾಕಿದರು, ಪಟ್ಟಣ ಹಿಡಿದರು, ಲಕ್ಷ ಲಕ್ಷ ಜನ ಕಾಡು ಬೆಟ್ಟ ಹತ್ತಿ ನಡೆದು ಬರುತ್ತಿದ್ದಾರೆ, ಹಡಗು ಸಿಕ್ಕವರು ಮದ್ರಾಸಿಗೆ ಬಂದು ಬಿದ್ದಿದ್ದಾರೆ ಎಂದು ದೊಡ್ಡಬಳ್ಳಾಪುರದ ಕಾಫಿ ಹೋಟೆಲಿನಲ್ಲಿ ಪೇಪರು ಓದುವವರು ಹೇಳುತ್ತಿದ್ದರು. ಮನೆಯಲ್ಲಿ ಇದನ್ನು ಅವನು ಹೇಳಲಿಲ್ಲ. ಒಂದು ದಿನ ಶೇಕ್ದಾರರು ಊರ ಚಾವಡಿಗೇ ಬಂದು ಅವನನ್ನು ಕರೆಸಿದರು. ಪಟೇಲ ದೊಡ್ಡಮುನಿಯಪ್ಪ ಪಕ್ಕದಲ್ಲಿ ಕೂತಿದ್ದ. ಶೇಕ್ದಾರರ ಕೈಯಲ್ಲಿ ಒಂದು ಕಾಗದವಿತ್ತು.

"ಮದ್ರಾಸಿನಿಂದ ಅಮಲ್ದಾರರಿಗೆ ಬಂದಿದೆ. ಅಲ್ಲೊಂದು ಶಿಬಿರದಲ್ಲಿ ಬರ್ಮಾದ ಮುದುಕಿಯೊಬ್ಬಳಿದ್ದಾಳಂತೆ, ಹೆಸರು ಡಾ ಮ್ಯಾ. ಯಾರೋ ವ್ಯಾಪಾರಸ್ಥರ ಮನೆಯವರ ಜೊತೆ ಹಡಗಿನಲ್ಲಿ ಬಂದವಳು, ಅವರು ಇವಳನ್ನ ಅಲ್ಲೇ ಬಿಟ್ಟು ಹೋಗಿದ್ದಾರೆ. ಮಗಳು ಮೈಸೂರು ಸೀಮೆಯಲ್ಲಿದ್ದಾಳೆ, ದೊಡ್ಡಬಳ್ಳಾಪುರ ಅನ್ನೋ ಊರು, ಅಳಿಯನ ಹೆಸರು ಮುನಿಸಾಮಿ, ಇಷ್ಟೇ ಹೇಳ್ತಾಳಂತೆ. ಮುನಿಸಾಮಿಗಳು ಈ ತಾಲ್ಲೂಕಿನಲ್ಲಿ ಸಾವಿರ ಇದ್ದಾರೆ. ಗೋಷ್ವಾರೆ ತೆಗೆಸಿ ನೋಡಿದೆ, ಬರ್ಮಾದಲ್ಲಿ ಹುಟ್ಟಿದವರು ಈ ಹೋಬಳಿಯಲ್ಲಿ ಸೊನ್ನೆ. ಆದರೂ ಎಣಿಸಿದವರಿಂದ ಒಂದೊಂದು ಮಾತು ಬರೆಸಿಕೊಂಡು ಕಳಿಸಬೇಕು."

ಪಟೇಲ ಗೋಪಾಲಪ್ಪನ ಕಡೆ ತಿರುಗಿದ.

"ನಿಮ್ಮಣ್ಣ ರಂಗೂನ್ಗೆ ಹೋಗಿದ್ನಲ್ವಾ ಮೇಷ್ಟ್ರೇ?"

"ಹೂಂ."

"ಅವನ ಹೆಂಡ್ತಿ ಹೊಸಕೋಟೆ ಕಡೇರಲ್ವಾ?"

ಶೇಕ್ದಾರರು ಕನ್ನಡಕದ ಮೇಲಿನಿಂದ ನೋಡಿದರು. ಪಟೇಲ ನಗುತ್ತಿರಲಿಲ್ಲ, ಅಡಿಕೆ ಅಗಿಯುತ್ತ, ಬಾಗಿಲು ತೆರೆದಿಟ್ಟು ಇವನು ಯಾವ ಕಡೆ ಹೋಗುತ್ತಾನೋ ನೋಡೋಣ ಎನ್ನುವವನಂತೆ ಕಾಯುತ್ತಿದ್ದ. ಅಲ್ಲ ಎಂದರೆ ಆಗಲೇ ಮುಗಿಯುತ್ತಿತ್ತು. ಸುಳ್ಳು ಬರೆದದ್ದಕ್ಕೆ ಕೆಲಸ ಹೋಗುತ್ತಿತ್ತು, ಕುಲದವರು ಪಂಚಾಯಿತಿ ಸೇರುತ್ತಿದ್ದರು, ತಂಗಿ ಗಾಡಿ ಇಳಿದು ಅಂಗಳದಲ್ಲಿ ನಿಲ್ಲುತ್ತಿದ್ದಳು. ಮದ್ರಾಸಿನಲ್ಲಿ ಒಬ್ಬ ಮುದುಕಿ ಎದ್ದು ಕೂರುತ್ತಿದ್ದಳು. ಅವನು ಆ ಮುದುಕಿಯನ್ನು ಕಣ್ಣೆದುರು ತಂದುಕೊಳ್ಳಲು ನೋಡಿದ. ದಡದಲ್ಲಿ ಬೆಂಕಿಯ ಮುಂದೆ ಕೂತ ಬೆನ್ನು ಮಾತ್ರ ಬಂತು, ಮುಖ ಬರಲಿಲ್ಲ. ಮುಖ ಬಂದಿದ್ದರೆ ನಿಜ ಹೇಳುತ್ತಿದ್ದೆನೇನೋ ಎಂದು ಆಮೇಲೆ ತನಗೆ ತಾನೇ ಬಹಳ ಸಲ ಹೇಳಿಕೊಂಡ, ಆದರೆ ಅದನ್ನು ಅವನೇ ನಂಬಲಿಲ್ಲ.

"ಹೂಂ, ಹೊಸಕೋಟೆಯೋರು" ಅಂದ.

"ಹಂಗಾದ್ರೆ ಬರ್ದುಕೊಡಿ" ಅಂದ ಪಟೇಲ. ಬರೆದುಕೊಟ್ಟ: ಹೊನ್ನಕುಂಟೆ ಗ್ರಾಮದಲ್ಲಿ ಬರ್ಮಾ ದೇಶದಲ್ಲಿ ಹುಟ್ಟಿದ, ಅಥವಾ ಅಲ್ಲಿಯ ಭಾಷೆ ಬಲ್ಲ ಯಾರೂ ವಾಸವಾಗಿಲ್ಲ. ಸಹಿ ಹಾಕಿದ. ಪಟೇಲ ಬಗ್ಗಿ ಸಹಿಯನ್ನು ನೋಡಿ, "ಚಂದ ಬರೀತೀರ ಮೇಷ್ಟ್ರೇ" ಅಂದ. ಅಂದಿನಿಂದ ದಾರಿಯಲ್ಲಿ ಪಟೇಲ ಎದುರಾದರೆ ಗೋಪಾಲಪ್ಪ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕಾಯಿತು. ನಿಲ್ಲು ಎಂದು ಪಟೇಲ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ, ಸೀಮೆಸುಣ್ಣ ತರಲು ಪಟ್ಟಣಕ್ಕೆ ಹೋದಾಗ ಕಚೇರಿಯ ಬಾಗಿಲಲ್ಲಿ ಶೇಕ್ದಾರರು ಸಿಕ್ಕರು. ಕುದುರೆಗಾಡಿ ಹತ್ತುತ್ತ, ಏನೋ ನೆನಪಾದವರಂತೆ ಹೇಳಿದರು. "ಆ ಬರ್ಮಾ ಮುದುಕಿ ವಿಚಾರ ಮುಗೀತು ಕಣ್ರೀ. ಶಿಬಿರದಲ್ಲೇ ಹೋದಳಂತೆ, ಭೇದಿ. ಕೊನೆವರೆಗೂ ಬಾಗಿಲ ಕಡೆ ತಿರುಗಿ ಮಲಗ್ತಿದ್ಲಂತೆ, ಯಾರಾದ್ರೂ ಬರ್ತಾರೆ ಅಂತ. ಏನೋ, ಪಾಪ. ಇನ್ನು ನಮಗೆ ಓಡಾಟ ಇಲ್ಲ." ಗಾಡಿ ಹೊರಟುಹೋಯಿತು. ಗೋಪಾಲಪ್ಪ ಸೀಮೆಸುಣ್ಣದ ಪೆಟ್ಟಿಗೆ ಹಿಡಿದು ನಿಂತಿದ್ದ. ಮಗ್ಗದ ಕೇರಿಯಿಂದ ಲಾಳಿಯ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನಿಗೆ ವಿಪರೀತ ಹಸಿವಾಯಿತು. ಹೋಟೆಲಿಗೆ ನುಗ್ಗಿ ನಾಲ್ಕು ಇಡ್ಲಿ ತಿಂದ, ಮತ್ತೆ ಎರಡು ಹಾಕಿಸಿಕೊಂಡ. ತಿಂದದ್ದಕ್ಕೆ ನಾಚಿಕೆಯಾಯಿತು, ಆ ನಾಚಿಕೆಯಿಂದ ಸ್ವಲ್ಪ ಸಮಾಧಾನವೂ ಆಯಿತು.

ಅದಾದ ಒಂದು ಭಾನುವಾರ ಮಧ್ಯಾಹ್ನ, ಅವ್ವ ಮತ್ತು ಮುನಿತಾಯಮ್ಮ ಹೊಲಕ್ಕೆ ಹೋಗಿದ್ದಾಗ, ಲಕ್ಷ್ಮೀದೇವಮ್ಮ ಮಗಳ ಕಾಪಿ ಪುಸ್ತಕದ ಒಂದು ಹಾಳೆ ಹಿಡಿದು ಜಗಲಿಗೆ ಬಂದಳು.

"ಮಾರಕ್ಕ ಹೇಳಿದಳು, ರಂಗೂನಿನಲ್ಲಿ ಯುದ್ಧ ಅಂತೆ. ಹೌದಾ?"

"ಹೌದು."

"ನಮ್ಮೂರು ರಂಗೂನಿಂದ ದೂರ. ಮುದುಕಿಯನ್ನ ಯಾರು ಏನು ಮಾಡ್ತಾರೆ, ಅಲ್ವಾ? ಆದರೂ ಅಮ್ಮನಿಗೆ ಒಂದು ಕಾಗದ ಬರೀಬೇಕು. ನೀವು ಬರೀತೀರಾ? ಅಲ್ಲಿ ಒಬ್ಬ ಸೇಠು ಇದ್ದಾನೆ, ನಿಮ್ಮಣ್ಣನ ಗೆಳೆಯ, ಕನ್ನಡ ಓದ್ತಾನೆ. ಅವನು ಓದಿ ಹೇಳ್ತಾನೆ."

ಬರ್ಮಾದ ಟಪಾಲು ನಿಂತು ತಿಂಗಳುಗಳಾಗಿವೆ, ಪೋಸ್ಟ್ ಮಾಸ್ತರರೇ ಬೋರ್ಡು ಹಾಕಿದ್ದಾರೆ, ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು, ಅವನನ್ನು ಬಚಾವೂ ಮಾಡುತ್ತಿತ್ತು. ಅವಳು ಆಗಲೇ ಮಸಿಕುಡಿಕೆ ತಂದು ಅವನ ಮುಂದಿಟ್ಟಿದ್ದಳು. ಅವನು ಲೇಖನಿ ಅದ್ದಿದ. ಅವಳು ಹೇಳಿದಳು, ಅವನು ಬರೆದ. ನಾನು ಚೆನ್ನಾಗಿದ್ದೇನೆ. ಅವರು ಹೋಗಿ ಮೂರು ವರ್ಷ ಆಯ್ತು. ಹುಡುಗಿ ಎರಡನೇ ಕ್ಲಾಸು, ನಿನ್ನ ಹಾಗೇ ಹಟ. ಇಲ್ಲಿ ನೀರು ಕಡಿಮೆ, ಮೀನು ಇಲ್ಲ. ಅತ್ತೆ ಒಳ್ಳೆಯವಳು. ಅವನ ಕೈ ತಡೆಯಿತು, ಅವಳು ಕಾದಳು, ಅವನು ಅದನ್ನೂ ಬರೆದ.

"ಇನ್ನೊಂದು ಮಾತು ಇದೆ. ಕನ್ನಡದಲ್ಲಿ ಬರಲ್ಲ. ನಮ್ಮ ಮಾತಲ್ಲೇ ಹೇಳ್ತೀನಿ, ನಿಮ್ಮ ಅಕ್ಷರದಲ್ಲಿ ಬರೀರಿ."

ನಾಲ್ಕೈದು ಸಣ್ಣ ಶಬ್ದಗಳು. ಒಂದು ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಥಟ್ಟನೆ ನಿಲ್ಲುತ್ತಿತ್ತು, ಇನ್ನೊಂದು ಮೇಲಿಂದ ಜಾರಿ ಇಳಿಯುತ್ತಿತ್ತು. ಅವನಿಗೆ ಗೊತ್ತಿದ್ದ ಯಾವ ಅಕ್ಷರವೂ ಅದಕ್ಕೆ ಸರಿಯಾಗಿ ಕೂರಲಿಲ್ಲ. ಏನೋ ಬರೆದ. ಅವಳು ಓದಿ ಅಂದಳು. ಓದಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಮನೆಗೆ ಬಂದಂದಿನಿಂದ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

"ಹಾಗಂದ್ರೆ ಬೇರೆ ಆಗುತ್ತೆ. ಎತ್ತಿ ಹೇಳಿದ್ರೆ ಒಂದು, ಇಳಿಸಿ ಹೇಳಿದ್ರೆ ಒಂದು. ಸೇಠು ತಪ್ಪು ಓದಿದ್ರೆ ಅಮ್ಮ ಗಾಬರಿ ಆಗ್ತಾಳೆ. ಇನ್ನೊಂದ್ಸಲ."

ಅವನು ಹೊಡೆದುಹಾಕಿ ಬೇರೆ ಅಕ್ಷರ ಬರೆದ. ಓದಿದ. ತಪ್ಪು. ಅವಳು ಅವನ ಎದುರಿಗೆ ಮಂಡಿಯೂರಿ ಕೂತು, ಚಿಕ್ಕ ಮಕ್ಕಳಿಗೆ ಹೇಳಿಕೊಡುವಂತೆ, ಗಲ್ಲ ಎತ್ತಿ ತುಟಿ ತೋರಿಸಿ ಹೇಳಿದಳು. ಮತ್ತೆ ಓದಿದ. ಬೀದಿಯಲ್ಲಿ ಯಾರಾದರೂ ಹೋಗುತ್ತಿದ್ದಾರೆಯೇ ಎಂದು ನೋಡಿದ, ಯಾರೂ ಇರಲಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ, ಗಂಟಲು ತಾನಾಗಿಯೇ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಎಲ್ಲಿ ಜಾರಬೇಕೋ ಅಲ್ಲಿ ಜಾರಿತು. ಅವಳ ಮುಖದ ನಗು ಹೋಯಿತು. ಅವಳು ಅವನನ್ನು ನೋಡದೆ, ಅವನ ಬಾಯಿಯ ಕಡೆ ಮಾತ್ರ ನೋಡುತ್ತ, ಅದೇ ಭಾಷೆಯಲ್ಲಿ, ಮೆಲ್ಲಗೆ, ಎರಡು ಶಬ್ದ ಹೇಳಿದಳು.

"ಏನಂದ್ರಿ?" ಎಂದು ಕೇಳಿದ.

"ಏನಿಲ್ಲ ಮೇಷ್ಟ್ರೇ. ಆ ಮಾತು ಒಂದು ಪ್ರಶ್ನೆ. ನೀವು ಕೇಳಿದ್ರಿ, ಹೇಳಿದೆ." ಅವಳು ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ವರ್ಷ ಆಯ್ತು, ಯಾರಾದ್ರೂ ಹಾಗೆ ಕೇಳಿ. ಕಾಗದ ಯಾವಾಗ ಹಾಕ್ತೀರಾ?"

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

"ನಾಳೆ ಹಾಕ್ತೀನಿ" ಅಂದ. "ತಲುಪೋಕೆ ಒಂದು ತಿಂಗಳಾಗಬೋದು."